ಬೆಳಿಗ್ಗೆ ಏಳರೊಳಗೆ ಹೆಬ್ಬೆರಳು

‘ಇದು ಫೋನೋ, ಹಿಮ್ಮಡಿ ತಿಕ್ಕೋ ಕಲ್ಲೋ? ನೋಡ್ರಿ, ಎಲ್ಲಾರೂ ನೋಡ್ರಿ.’

ಪ್ರಲ್ಹಾದ ಸಾಹೇಬರು ಹನಮಂತವ್ವನ ಗುಂಡಿ ಫೋನನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಗದಗಿನ ಆ ಆಫೀಸಿನಲ್ಲಿ ಕುರ್ಚಿಗಳಿದ್ದದ್ದು ಸೂಪರ್‌ವೈಜರುಗಳಿಗೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಬಸ್ಸು ಹತ್ತಿ ಬಂದ ನಾವು ನಲವತ್ತು ಮಂದಿ ಗೋಡೆಗೆ ಅಂಟಿ ನಿಂತಿದ್ದೆವು. ಹಳ್ಳಿಗಳಿಗೆ ಕುಡಿಯುವ ನೀರು ಬಿಡುವ ಗುತ್ತಿಗೆ ಕಂಪನಿ ನಮ್ಮದು, ಸಾಹೇಬರು ಅದರ ಮ್ಯಾನೇಜರು. ನಾನು ಮೌನೇಶ, ಬಿ.ಎ. ಪಾಸು, ಹೊಳೆದಂಡೆಯ ಪಂಪು ಚಾಲೂ ಮಾಡುವವನು. ಹನಮಂತವ್ವ, ಗಂಡ ಸತ್ತ ಮೇಲೆ ಅವನ ಜಾಗದಲ್ಲಿ ನಿಂತು ಶಿರಹಟ್ಟಿ ಕಡೆಯ ನೀರಿನ ಪೈಪಿನ ವಾಲ್ ತಿರುಗಿಸುವವಳು. ಆ ಕೆಲಸ ಬಿಟ್ಟರೆ ಅವಳಿಗೆ ಬೇರೆ ಅನ್ನವಿಲ್ಲ.

ಮೂರು ತಾಲ್ಲೂಕಿನಲ್ಲಿ ಚದುರಿದ ಕೆಲಸಗಾರರಿಗೆ ಖಬರು ಮುಟ್ಟಿಸುವುದು ಹೇಗೆ ಎಂಬುದೇ ಅಂದಿನ ಮೀಟಿಂಗು. ಸಾಹೇಬರು ಬೋರ್ಡಿನ ಮೇಲೆ ಫೋನು, ಮೆಸೇಜು, ವಾಟ್ಸಾಪು ಎಂದು ಬರೆದು, ಯಾವುದು ಚಲೋ ಹೇಳಿ ಎಂದು ಕೇಳಿದರು. ಕೇಳಿದ್ದು ಕುರ್ಚಿಗಳನ್ನು. ಉತ್ತರ ಬಂದದ್ದು ಗೋಡೆಯಿಂದ.

‘ನಮ್ದೊಂದು ದಾರಿ ಐತ್ರಿ ಸಾಹೇಬ್ರ,’ ಎಂದಳು ಹನಮಂತವ್ವ. ‘ಒಂದು ರಿಂಗ್ ಕೊಟ್ರ ನೀರು ಬಂತು, ವಾಲ್ ಬಿಡು ಅಂತ. ಎರಡು ಕೊಟ್ರ ಬಂದ್ ಮಾಡು ಅಂತ. ಯಾರ ಮೂರು ಕೊಟ್ರೂ ಪೈಪ್ ಒಡದೈತಿ, ಇದ್ದಲ್ಲಿಂದ ಓಡಿ ಬಾ ಅಂತ. ಯಾರೂ ಫೋನ್ ಎತ್ತಂಗಿಲ್ರಿ. ಎಂಟು ವರ್ಷದಾಗ ಒಂದಿನಾನೂ ತಪ್ಪಿಲ್ರಿ.’

ಕುರ್ಚಿಗಳು ನಕ್ಕವು.

‘ಮಿಸ್ಡ್ ಕಾಲ್ ಕಂಪನಿ ಅಂತ ಬೋರ್ಡ್ ಹಾಕೂಣೇನು?’ ಎಂದರು ಸಾಹೇಬರು. ‘ನಾ ಹೇಳಿದ್ದು ನಿಮಗ ಮುಟ್ಟೇತಿ ಅನ್ನಾಕ ನನ್ನ ಕೈಯಾಗ ಪುರಾವೆ ಬೇಕು.’

ವಾಟ್ಸಾಪ್ ಗ್ರೂಪು ಎಂದು ತೀರ್ಮಾನವಾಯಿತು. ಗ್ರೂಪಿಗೆ ಏನು ಬಂದರೂ ಬೆಳಿಗ್ಗೆ ಏಳರೊಳಗೆ ಹೆಬ್ಬೆರಳಿನ ಚಿತ್ರ ಒತ್ತಬೇಕು. ಒತ್ತದಿದ್ದರೆ ಅಂದು ಗೈರುಹಾಜರಿ.

ವಾಪಸು ಬಸ್ಸಿನಲ್ಲಿ ನಾನು ಸಾಹೇಬರಂತೆಯೇ ಗಂಟಲು ಕೆರೆದು, ಹೊಟ್ಟೆ ಮುಂದೆ ಮಾಡಿ ‘ಪುರಾವೆ ಬೇಕು’ ಎಂದೆ. ಹನಮಂತವ್ವ ಕೆಮ್ಮು ಬರುವತನಕ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು.

‘ನನಗ ಓದಾಕ ಬರಂಗಿಲ್ಲಲೋ ತಮ್ಮಾ. ಹೆಂಗ ಮಾಡ್ಲಿ?’

‘ಓದೂದ್ಯಾಕಬೇ ಯಕ್ಕಾ? ಏನ್ ಬಂದ್ರೂ ಹೆಬ್ಬಟ್ಟು ಒತ್ತಿಬಿಡು. ಅಷ್ಟ.’

ಅವಳ ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಗುಲ್ನಾಜಳ ಫೋನಿನಲ್ಲಿ ಹನಮಂತವ್ವನ ನಂಬರಿನ ವಾಟ್ಸಾಪು ಕೂಡಿಸಿಕೊಟ್ಟವನೂ ನಾನೇ. ದಿನಾ ವಾಲ್ ಬಿಟ್ಟು ಬಂದು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು, ಗುಲ್ನಾಜಳ ಬಾಗಿಲಲ್ಲಿ ನಿಂತು ಒತ್ತುತ್ತಿದ್ದಳು. ಸಾಹೇಬರು ಗುಲಾಬಿ ಹೂವಿನ ಶುಭೋದಯ ಹಾಕಿದರೆ ಹೆಬ್ಬೆರಳು. ತಮ್ಮ ಹೊಸ ಕಾರಿನ ಫೋಟೋ ಹಾಕಿದರೆ ಹೆಬ್ಬೆರಳು. ಒಂದು ದಿನ ಅವರ ಕಾಕಾ ತೀರಿಹೋದರು. ಹಾರ ಹಾಕಿದ ಫೋಟೋ ಬಂತು. ಅದರ ಕೆಳಗೆ ಮೂವತ್ತೊಂಬತ್ತು ಹೆಬ್ಬೆರಳು. ಲಕ್ಷ್ಮೇಶ್ವರದ ಭೀಮೇಶ ಒಬ್ಬನೇ ಮರ್ಯಾದೆಯಿಂದ ಮುಗಿದ ಕೈಗಳ ಚಿತ್ರ ಹಾಕಿದ. ಅವನೊಬ್ಬನಿಗೇ ಅಂದು ಗೈರುಹಾಜರಿ ಬಿತ್ತು. ಅಲ್ಲಿಂದಾಚೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಜುಲೈ ಕೊನೆಯ ಸೋಮವಾರ ಇಂಗ್ಲಿಷಿನ ಒಂಬತ್ತು ಪುಟದ ಕಾಗದ ಬಂತು. ಹೊಳೆದಂಡೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದೆ ನನ್ನ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು, ಕಾಗದ ತೆರೆಯಲಿಲ್ಲ. ಏಳಕ್ಕೆ ಹತ್ತು ನಿಮಿಷ ಇತ್ತು. ಬಿ.ಎ. ಪಾಸಾದ ನಾನು ಒತ್ತಿದೆ. ಭೀಮೇಶನೂ ಈ ಸಲ ತಪ್ಪು ಮಾಡಲಿಲ್ಲ.

ಒಂದನೇ ತಾರೀಖಿಗೆ ವಾಲುಗಳ ಮೇಲೆ ತಾವೇ ತಿರುಗಿಸುವ ಮಷೀನುಗಳು ಕೂತವು, ಪಂಪಿನ ಮನೆಗೆ ಬೀಗ ಬಿತ್ತು. ಗ್ರೂಪಿನಿಂದ ನಲವತ್ತೂ ಮಂದಿಯನ್ನು ತೆಗೆದಿದ್ದರು. ಗದಗಿಗೆ ಹೋದೆವು. ಸಾಹೇಬರು ತಮ್ಮ ಫೋನನ್ನು ನಮ್ಮ ಕಡೆ ತಿರುಗಿಸಿ, ಓದು ಎಂದು ನನಗೇ ಹೇಳಿದರು. ಗೋಡೆಗೆ ಅಂಟಿದವರೆಲ್ಲ ಕೇಳುವಂತೆ ನಾನು ಓದಿ ಹೇಳಿದೆ: ನಾವು ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇವೆ, ಒಪ್ಪಿದವರು ಹೆಬ್ಬೆರಳು ಒತ್ತುವುದು. ಕೆಳಗೆ ನಲವತ್ತು ಹೆಬ್ಬೆರಳು.

‘ನಾನೇನ್ ಕೈ ಹಿಡದು ಒತ್ತಿಸಿದ್ನೇನು?’ ಎಂದರು ಸಾಹೇಬರು.

‘ಅದನ್ನ ಹಾಜರಿ ಅಂತ ಒತ್ತಿದ್ವಿರಿ,’ ಎಂದಳು ಹನಮಂತವ್ವ. ‘ನಿಮ್ಮ ಕಾಕಾ ಸತ್ತಾಗೂ ಒತ್ತೀವಲ್ರಿ. ಅವ್ರು ಸಾಯಲಿ ಅಂತ ಒಪ್ಪಿ ಒತ್ತಿದ್ವೇನ್ರಿ?’

ಕುರ್ಚಿಗಳಲ್ಲಿ ಒಬ್ಬರೂ ನಗಲಿಲ್ಲ. ಸಾಹೇಬರು ಗಂಟಲು ಕೆರೆದರು.

‘ತಕರಾರಿದ್ರ ಗ್ರೂಪ್‌ನ್ಯಾಗ ಹಾಕ್ರಿ. ಬಾಯಿಮಾತು ನಡ್ಯಂಗಿಲ್ಲ. ಹೊರಗ ನಡೀರಿ.’

ವಾಚಮನ್ ನಮ್ಮನ್ನು ಹೊರಗೆ ಹಾಕಿ ಗಾಜಿನ ಬಾಗಿಲು ಎಳೆದುಕೊಂಡ. ‘ಭಾಡಕಾವ್ ನನ್ಮಗ,’ ಎಂದು ಭೀಮೇಶ ಮೆಟ್ಟಿಲ ಮೇಲೆ ಉಗುಳಿದ. ಹನಮಂತವ್ವ ಯಾರನ್ನೂ ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ. ಸೊಂಟದಿಂದ ಗುಂಡಿ ಫೋನು ತೆಗೆದು ನನ್ನ ಮುಂದೆ ಹಿಡಿದಳು.

‘ಸಾಹೇಬನ ನಂಬರ್ ಒತ್ತಿ ಕೊಡು ತಮ್ಮಾ.’

ಒತ್ತಿ ಕೊಟ್ಟೆ. ಒಳಗೆ ಟೇಬಲ್ಲಿನ ಮೇಲೆ ಒಂದು ರಿಂಗಾಯಿತು. ಅವಳು ಕತ್ತರಿಸಿದಳು. ಎರಡು. ಮೂರು.

ಭೀಮೇಶ ತನ್ನ ಫೋನು ತೆಗೆದ. ಆಮೇಲೆ ನಾನು. ಆಮೇಲೆ ಮೆಟ್ಟಿಲ ಮೇಲಿದ್ದವರೆಲ್ಲ, ತಲೆಗೆ ಮೂರರಂತೆ. ಸಾಹೇಬರು ಫೋನು ನೋಡಿದರು, ಗಾಜಿನಾಚೆ ನಮ್ಮನ್ನು ನೋಡಿದರು. ದನಿ ಬಂದ್ ಮಾಡಿ ಅದನ್ನು ಬೋರಲು ಹಾಕಿದರು. ಅದರ ಅಂಚಿನಲ್ಲಿ ಬೆಳಕು ಹತ್ತುತ್ತಿತ್ತು, ಆರುತ್ತಿತ್ತು.

ಪೈಪ್ ಒಡೆದು ಮೂರು ರಿಂಗ್ ಕೊಟ್ಟ ಮೇಲೆ ಹನಮಂತವ್ವ ಯಾವತ್ತೂ ಬರುವವರ ದಾರಿ ನೋಡುತ್ತ ಅಲ್ಲೇ ನಿಲ್ಲುತ್ತಾಳೆ. ಬಾಗಿಲಿಗೆ ಮುಖ ಮಾಡಿ ನಿಂತೇ ಇದ್ದಳು.