1844ರ ಕ್ರಿಸ್‌ಮಸ್ ಪತ್ರ

ಇಪ್ಪತ್ತಾರು ವರ್ಷದಿಂದ ನಾನು ಈ ಹೈಸ್ಕೂಲಿನಲ್ಲಿ ಅಮೆರಿಕದ ಚರಿತ್ರೆ ಹೇಳುತ್ತಿದ್ದೇನೆ. ಮೆರಿಮ್ಯಾಕ್ ನದಿ ದಂಡೆಯ ಈ ಊರಿನಲ್ಲಿ ನೋರೀನ್ ಸ್ಕ್ಯಾನ್ಲನ್ ಎಂದರೆ ಔಷಧದಂಗಡಿಯವನೂ ಎದ್ದು ನಿಲ್ಲುತ್ತಾನೆ. ಅವನಿಗೆ ಅಂತರ್ಯುದ್ಧದ ಪಾಠ ಹೇಳಿದವಳು ನಾನೇ. ಹೀಗಿರುವಾಗ ಮೊನ್ನೆ ಮೊನ್ನೆ ಬಂದ ಆನ್ಸೆಲ್ಮೊ ಫುರ್ಟಾಡೊ ಎಂಬ ಹುಡುಗುಮುಖದ ಮೇಷ್ಟರ ಮೇಲೆ ನನಗೇಕೆ ಹೊಟ್ಟೆಕಿಚ್ಚು ಎಂದು ನೀವು ಕೇಳಬಹುದು. ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ತರಗತಿಯ ಮಕ್ಕಳಿಗೇ ಅವನು ಊರಿನ ಚರಿತ್ರೆ ಹೇಳುತ್ತಿದ್ದ, ಪಠ್ಯಪುಸ್ತಕ ಮಾತ್ರ ತೆರೆಯುತ್ತಲೇ ಇರಲಿಲ್ಲ. ಬಟ್ಟೆ ಗಿರಣಿಯ ಹುಡುಗಿಯರು ತೌರಿಗೆ ಬರೆದ ಪತ್ರ, ಅವರಿದ್ದ ವಸತಿಮನೆಯ ಯಜಮಾನಿ ಗೋಡೆಗೆ ಅಂಟಿಸಿದ ನಿಯಮ, ಗಿರಣಿಯ ಗಂಟೆಯ ವೇಳಾಪಟ್ಟಿ, ಇಂಥವನ್ನು ತಂದು ಬೆಂಚಿನ ಮೇಲೆ ಹರಡುತ್ತಿದ್ದ. ಗೋಡೆಯ ಮೇಲೆ ನಾಲ್ಕು ಪ್ರಶ್ನೆ ತೂಗುಹಾಕಿದ್ದ: ಬರೆದವರು ಯಾರು? ಯಾವಾಗ? ಯಾರಿಗಾಗಿ? ಯಾಕೆ? ನನ್ನ ಪಾಠಕ್ಕೆ ಆಕಳಿಸುತ್ತಿದ್ದ ಮಕ್ಕಳು ಅಲ್ಲಿ ಒಂದೊಂದು ಹಾಳೆಯ ಮೇಲೆ ನಾಲ್ಕು ನಾಲ್ಕು ತಲೆ ಬಗ್ಗಿಸಿ ಜಗಳವಾಡುತ್ತಿದ್ದರು. "ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ" ಎಂದು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿಯೇ ಹೇಳಿದೆ. ಯಾರೂ ನಗಲಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಚನ್ನಾರಿಯೂ ಅವನ ಕಡೆಗೆ ಹೋದಳು.

ಚನ್ನಾರಿ ಪ್ರಾಕ್ ನನ್ನ ಮುಂದಿನ ಬೆಂಚಿನ ಹುಡುಗಿ. ಅವಳ ಅಜ್ಜಿ ಕಾಂಬೋಡಿಯದಿಂದ ಬಂದವರು, ಅಮ್ಮನದು ಸೇತುವೆಯ ಬಳಿ ನೂಡಲ್ಸ್ ಅಂಗಡಿ. ಹಳೆಯ ಪತ್ರಗಳಲ್ಲಿರುವ, ಕೂಡಿಸಿ ಬರೆಯುವ ಕರ್ಸಿವ್ ಅಕ್ಷರವನ್ನು ಈಗಿನ ಮಕ್ಕಳು ಓದಲಾರರು. ಅವರಿಗೆ ಯಾರೂ ಕಲಿಸಿಲ್ಲ. ಕಳೆದ ವರ್ಷ ಪ್ರತಿ ಗುರುವಾರ ಶಾಲೆ ಬಿಟ್ಟ ಮೇಲೆ ಅವಳೊಬ್ಬಳೇ ಉಳಿದು ನನ್ನಿಂದ ಅದನ್ನು ಕಲಿತಳು. ನಾನು ಕಾನ್ವೆಂಟಿನ ಸನ್ಯಾಸಿನಿಯರ ಅಡಿಪಟ್ಟಿಯ ಏಟು ತಿಂದು ಕಲಿತದ್ದು, ಅವಳು ನಾನು ತಂದ ಡೋನಟ್ ತಿಂದು ಕಲಿತಳು.

"ಮಿಸ್, ನಿಮ್ಮ ಅಕ್ಷರದ ಬಾಲ ನೋಡಿ, ಬೆಕ್ಕಿನ ಬಾಲದ್ ಥರ ಹಿಂದಕ್ಕೆ ಸುತ್ಕೊಳುತ್ತೆ!"

"ಸುಮ್ನೆ ಬರಿಯೇ, ಬಾಯಾಳಿ."

ನನಗೆ ಮಕ್ಕಳಿಲ್ಲ. ಗುರುವಾರಗಳಿದ್ದವು.

ವಸಂತದ ಚರಿತ್ರೆ ಸ್ಪರ್ಧೆಗೆ ಹೋಗುವ ಪ್ರತಿ ಮಗುವೂ ತನ್ನ ಪಕ್ಕ ನಿಲ್ಲಬೇಕಾದ ಒಬ್ಬ ಟೀಚರ್ ಹೆಸರು ಬರೆದುಕೊಡಬೇಕು. ಚನ್ನಾರಿ ಫುರ್ಟಾಡೊ ಎಂದು ಬರೆದಳು.

"ಸರ್ ಹತ್ರ ನಿಜವಾದ ಪತ್ರಗಳಿವೆ ಮಿಸ್. ನೀವೂ ಒಂದ್ಸಲ ಬಂದು ನೋಡಿ."

"ನಂಗೆಲ್ಲಿ ಪುರುಸೊತ್ತು?"

"ಇನ್ಮೇಲೆ ಗುರುವಾರ ಬರಕ್ಕಾಗಲ್ಲ ಮಿಸ್. ಸರ್ ಜತೆ ಲೈಬ್ರರಿಗೆ ಹೋಗ್ಬೇಕು."

ಅಂದು ವುಥಿ ಎಂಬ ಪಾಪದ ಹುಡುಗನ ಪ್ರಬಂಧಕ್ಕೆ ಕೆಂಪು ಶಾಯಿಯ ಅಭಿಷೇಕ ಮಾಡಿಬಿಟ್ಟೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಫುರ್ಟಾಡೊ ಸ್ಟಾಫ್ ರೂಮಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದ. ಮನೆಯ ಅಟ್ಟದಲ್ಲಿ ಹಳೆಯ ಕಾಗದವಿದ್ದರೆ ಹಾಕಿ ಎಂದು ಅದರ ಮೇಲೆ ಬರೆದಿತ್ತು. ಒಂದು ಭಾನುವಾರ ನಾನು ಅಜ್ಜಿಯ ಪ್ರಾರ್ಥನಾ ಪುಸ್ತಕದ ಕೊನೆಯ ಖಾಲಿ ಹಾಳೆ ಕಿತ್ತು, ಚಹಾದಲ್ಲಿ ಅದ್ದಿ ಒಣಗಿಸಿ, ಹಳೆಯ ನಿಬ್ಬಿನ ಪೆನ್ನಿನಿಂದ ಪತ್ರ ಬರೆದೆ. 1844ರ ಜನವರಿ. ನೇಯುವವಳೊಬ್ಬಳು ಅಕ್ಕನಿಗೆ ಬರೆದದ್ದು. ಬೇಕೆಂದೇ ಒಂದು ತಪ್ಪು ಹುದುಗಿಸಿದೆ: "ಕ್ರಿಸ್‌ಮಸ್‌ಗೆ ಗಿರಣಿ ಒಂದೇ ದಿನ ರಜೆ ಕೊಟ್ಟಿತು." ಆ ಕಾಲದಲ್ಲಿ ನಮ್ಮ ಕಡೆ ಕ್ರಿಸ್‌ಮಸ್‌ಗೆ ರಜೆಯೇ ಇರಲಿಲ್ಲ, ಎಲ್ಲ ದಿನದಂತೆ ಮಗ್ಗ ಓಡುತ್ತಿತ್ತು. ಇದು ನನಗೆ ಗೊತ್ತು, ಈ ಹುಡುಗುಮುಖಕ್ಕೆ ಎಲ್ಲಿ ಗೊತ್ತಿರುತ್ತದೆ? ಪ್ರಿನ್ಸಿಪಾಲರು ಪಾಠ ನೋಡಲು ಬಂದ ದಿನ ಚನ್ನಾರಿಯ ಎದುರಿಗೇ ಎದ್ದು ನಿಂತು ಇದು ನಕಲಿ ಎಂದು ಹೇಳುವುದು, ಅಷ್ಟೆ. ಉಳಿದ ಪುಟ ತುಂಬಿಸಲು ಏನೋ ಒಂದು ಗೀಚಿದೆ. ಏನು ಗೀಚಿದೆನೆಂದು ಮತ್ತೆ ಓದಿಯೂ ನೋಡದೆ ಹಾಳೆಯನ್ನು ಅವನ ಪೆಟ್ಟಿಗೆಗೆ ಹಾಕಿದೆ.

ಆ ದಿನ ಪ್ರಿನ್ಸಿಪಾಲ್ ಆಸ್ಟ್ರಾಂಡರ್ ಹಿಂದಿನ ಸಾಲಿನಲ್ಲಿ ಕೂತಿದ್ದರು, ಪಕ್ಕದಲ್ಲಿ ನಾನು. ಫುರ್ಟಾಡೊ ನಾಲ್ಕು ಹಾಳೆ ಎತ್ತಿ ತೋರಿಸಿದ. ಒಂದು ನನ್ನದು. ನನಗೆ ಖುಷಿಯೋ ಖುಷಿ.

"ಇದ್ರಲ್ಲಿ ಮೂರು ನಿಜ, ಒಂದರ ಮೇಲೆ ನಂಗೆ ಅನುಮಾನ. ಯಾವುದು ಅಂತ ನಾನು ಹೇಳಲ್ಲ, ನೀವೇ ಹಿಡೀರಿ. ಚನ್ನಾರಿ, ಈ ಅಕ್ಷರ ಓದೋಳು ನೀನೊಬ್ಳೇ. ಓದಮ್ಮ."

ಅವನಿಗೆ ಮೊದಲೇ ಗೊತ್ತಾಗಿತ್ತು! ನಾನು ತೋಡಿದ ಹಳ್ಳವನ್ನು ಅವನು ಪಾಠ ಮಾಡಿಕೊಂಡಿದ್ದ.

ಚನ್ನಾರಿ ಹಾಳೆ ತೆಗೆದುಕೊಂಡು "ಪ್ರೀತಿಯ ಅಕ್ಕಾ" ಎಂದಳು. ಅಲ್ಲಿಗೇ ನಿಂತಳು. ಬೆರಳಿನಿಂದ ಒಂದು ಅಕ್ಷರದ ಬಾಲವನ್ನು ಮೆಲ್ಲಗೆ ಸವರಿದಳು. ನಾನು ಮರೆತಿದ್ದೆ. ಕಾಗದಕ್ಕೆ ವಯಸ್ಸು ಬರಿಸಿದವಳು, ನನ್ನ ಕೈಬರಹ ಬಲ್ಲ ಒಂದೇ ಜೀವ ಆ ಕೋಣೆಯಲ್ಲಿದೆ ಎಂಬುದನ್ನು ಮರೆತಿದ್ದೆ.

ಅವಳು ಓದಿದಳು. ಕ್ರಿಸ್‌ಮಸ್ ರಜೆ ಬಂತು, ಆಮೇಲೆ ನಾನು ಗೀಚಿದ್ದೂ ಬಂತು. "ಪಕ್ಕದ ಮಗ್ಗಕ್ಕೆ ಹೊಸಬಳು ಬಂದಿದ್ದಾಳೆ. ನಾನು ಎಳೆ ಕಟ್ಟುವುದು ಕಲಿಸಿದ ಹುಡುಗಿ ಈಗ ದಿನವಿಡೀ ಅವಳ ಹತ್ತಿರವೇ ಇರುತ್ತಾಳೆ. ಸಂಜೆಯ ಹೊತ್ತು ನನ್ನ ಪಕ್ಕದ ಕುರ್ಚಿ ಖಾಲಿ."

ವುಥಿ ಬೆಂಚು ಕುಟ್ಟಿದ. "ಸಿಕ್ಕಾಕ್ಕೊಂತು ಸರ್! ಗಿರಣಿ ರಜೆ ಪಟ್ಟಿಲಿ ಕ್ರಿಸ್‌ಮಸ್ಸೇ ಇಲ್ಲ! ಅವತ್ತೂ ಗಂಟೆ ಹೊಡೆದಿದೆ. ಇದು ಡೂಪು!"

"ಶಾಭಾಷ್. ಹಾಗಾದ್ರೆ ಬಿಸಾಕೋಣ್ವಾ?"

"ಬೇಡ ಸರ್," ಚನ್ನಾರಿ ಹೇಳಿದಳು. ಅವಳು ನನ್ನ ಕಡೆ ನೋಡಲಿಲ್ಲ. "ರಜೆ ಸುಳ್ಳು. ಖಾಲಿ ಕುರ್ಚಿ ನಿಜ. ಬರ್ದೋರು ಯಾರೋ, ಅವರಿಗೆ ಹೊಟ್ಟೆಕಿಚ್ಚಾಗಿದೆ. ಪಾಪ ಅನ್ಸುತ್ತೆ."

"ಯಾರಿರಬಹುದು?" ಫುರ್ಟಾಡೊ ಕೇಳಿದ.

ಇಪ್ಪತ್ತಾರು ವರ್ಷದ ನನ್ನ ಮರ್ಯಾದೆ ಆ ಹುಡುಗಿಯ ನಾಲಿಗೆಯ ತುದಿಯಲ್ಲಿತ್ತು. ನಾನು ಕುರ್ಚಿಯ ಅಂಚು ಹಿಡಿದುಕೊಂಡೆ.

"ಹೆಸರು ಹಾಕಿಲ್ಲ ಸರ್," ಎಂದಳು.

ಪ್ರಿನ್ಸಿಪಾಲರು ನನ್ನ ಕಿವಿಯಲ್ಲಿ "ಎಂಥಾ ಪಾಠ ಅಲ್ವೇ ನೋರೀನ್?" ಎಂದರು. ಹೌದೆಂದೆ. ಆಗಲೂ ಹೊಟ್ಟೆ ಉರಿಯುತ್ತಲೇ ಇತ್ತು, ಅದನ್ನು ಮುಚ್ಚಿಟ್ಟು ನಾನು ಒಳ್ಳೆಯವಳಾಗಲಾರೆ.

ಸಂಜೆ ನನ್ನ ಮೇಜಿನ ಮೇಲೆ ಆ ಹಾಳೆ ಮಡಿಸಿಟ್ಟಿತ್ತು. ಅದರ ಬೆನ್ನಿಗೆ ಚನ್ನಾರಿ ಗೋಡೆಯ ನಾಲ್ಕು ಪ್ರಶ್ನೆಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಳು, ಕೂಡಿಸಿದ ಅಕ್ಷರದಲ್ಲಿ. ಬಾಲಗಳು ನನ್ನವುಗಳಂತೆಯೇ ಹಿಂದಕ್ಕೆ ಸುತ್ತಿಕೊಂಡಿದ್ದವು. ಯಾರು ಎಂಬುದರ ಮುಂದೆ ಖಾಲಿ ಬಿಟ್ಟಿದ್ದಳು. ಯಾವಾಗ ಎಂಬುದರ ಮುಂದೆ, "ಈ ವರ್ಷ." ಯಾಕೆ ಎಂಬುದರ ಮುಂದೆ, "ಬಾಯಿ ಬಿಟ್ಟು ಕೇಳೋಕೆ ಬರಲ್ಲ, ಅದಕ್ಕೆ."

ಯಾರಿಗಾಗಿ ಎಂಬುದರ ಮುಂದೆ ಒಂದೇ ಪದವಿತ್ತು: "ನನಗೆ."