ಬಿರಿತಾಳ ರೊಟ್ಟಿ

ಹಿಟ್ಟು ನಾದುತ್ತಿದ್ದ ಓಲುವಾ ಹಿಂದಿರುಗಿ ನೋಡಲಿಲ್ಲ. ಒಲೆಯ ಪಕ್ಕದಲ್ಲಿ ಅವಳು ಬಂದು ನಿಂತಿದ್ದಾಳೆಂದು ಗೊತ್ತಾಗಿತ್ತು. ಮಳೆಯಲ್ಲಿ ನೆನೆದ ಉಣ್ಣೆಯ ವಾಸನೆ ಮೊದಲು ಬರುತ್ತಿತ್ತು, ಆಮೇಲೆ ಬೆನ್ನಿನ ಮೇಲೆ ಆ ನೋಟ. ಹೆದರಿಸುವ ನೋಟವಲ್ಲ ಅದು. ಏನನ್ನೋ ಕೇಳಿ, ಉತ್ತರಕ್ಕಾಗಿ ಮರ್ಯಾದೆಯಿಂದ ಕಾಯುತ್ತಾ ನಿಂತವರ ನೋಟ. ಫೆಬ್ರವರಿಯಿಂದ ಈಚೆಗೆ ಪ್ರತಿ ಶನಿವಾರ ಮಧ್ಯಾಹ್ನ ಹೀಗೇ. ಕಿಟಕಿಯಾಚೆ ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತ್ತು, ಗುಡ್ಡದ ಮೇಲೆ ಕುರಿಗಳು ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಓಲುವಾ ಹಿಟ್ಟನ್ನು ಮಡಚಿ ಇನ್ನೊಮ್ಮೆ ಅಂಗೈಯಿಂದ ಒತ್ತಿದಳು.

ಫಾರೋ ದ್ವೀಪಗಳ ಆ ಊರಿನಲ್ಲಿ ನಲವತ್ತು ಮನೆ, ಒಂದು ಸಭಾಮನೆ. ಭಾನುವಾರ ಬೆಳಿಗ್ಗೆ ಎಲ್ಲರೂ ಒಂದು ಮೇಜಿನ ಸುತ್ತ ಕುಳಿತು ಕರ್ತನ ನೆನಪಿಗೆ ರೊಟ್ಟಿ ಮುರಿಯುತ್ತಿದ್ದರು. ಆ ಒಂದು ರೊಟ್ಟಿಯನ್ನು ಮೂವತ್ತೆಂಟು ವರ್ಷ ಸುಟ್ಟವಳು ಬಿರಿತಾ. ಯಾರೂ ಬರುವ ಮೊದಲೇ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟು, ಹಿಂದಿನ ಸಾಲಿನಲ್ಲಿ ಹೋಗಿ ಕುಳಿತುಬಿಡುತ್ತಿದ್ದಳು. ಅದು ಅವಳ ರೊಟ್ಟಿ ಎಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಅವಳಿಗೆ ಒಂದು ಮಾತು ಹೇಳಿರಲಿಲ್ಲ.

ಹೇಳದಿದ್ದದ್ದು ಪ್ರೀತಿಯಿಂದಲೇ. ಕರ್ತನ ಸೇವೆಗೆ ಪರಲೋಕದಲ್ಲಿ ಪ್ರತಿಫಲವುಂಟು, ಕಿರೀಟವುಂಟು. ಆದರೆ ಇಲ್ಲೇ ಹೊಗಳಿಸಿಕೊಂಡವರಿಗೆ ಅಲ್ಲಿ ಸಿಗುವುದು ಏನೂ ಉಳಿದಿರುವುದಿಲ್ಲ ಎಂದು ಅವರೆಲ್ಲ ಎದೆಯಾಳದಿಂದ ನಂಬಿದ್ದರು. ಆದ್ದರಿಂದ ಆ ಊರಿನಲ್ಲಿ ಒಳ್ಳೆಯ ಕೆಲಸವನ್ನೆಲ್ಲ ಕಳ್ಳತನದ ಹಾಗೆ ಮಾಡುತ್ತಿದ್ದರು. ಕಾಯಿಲೆ ಬಿದ್ದವರ ಹೊಸ್ತಿಲ ಮೇಲೆ ಮೀನು ಇರುತ್ತಿತ್ತು, ಇಟ್ಟವರು ಇರುತ್ತಿರಲಿಲ್ಲ. ವಿಧವೆಯ ಹುಲ್ಲು ಅವಳು ಏಳುವಷ್ಟರಲ್ಲಿ ಕೊಯ್ದು ಮುಗಿದಿರುತ್ತಿತ್ತು. ಬಿರಿತಾಳ ಬಾಗಿಲಿಗೂ ಎಷ್ಟೋ ಸಲ ಗೋಧಿಹಿಟ್ಟಿನ ಚೀಲ ಬಂದು ಕೂತಿತ್ತು. ಎರಡು ಸಲ ಅದನ್ನು ಹೊತ್ತು ತಂದವಳು ಓಲುವಾಳೇ.

ಫೆಬ್ರವರಿಯಲ್ಲಿ ಬಿರಿತಾ ತನ್ನ ಕೊನೆಯ ರೊಟ್ಟಿಯನ್ನು ಮೇಜಿಗೆ ಒರಗಿಕೊಂಡೇ ಮಾಡಿದ್ದಳು. ಭಾನುವಾರ ಸಭೆಗೆ ಬರಲಾಗಲಿಲ್ಲ. ಓಲುವಾ ಸಭೆ ಮುಗಿದದ್ದೇ ಅವಳ ಹಾಸಿಗೆಯ ಬಳಿಗೆ ಹೋದಳು.

"ಓಲುವಾ," ಎಂದಿದ್ದಳು ಬಿರಿತಾ, "ಇವತ್ತಿನ ರೊಟ್ಟಿ ಚೆನ್ನಾಗಿತ್ತೇನೆ?"

ಮೂವತ್ತೆಂಟು ವರ್ಷಗಳಲ್ಲಿ ಅವಳು ಕೇಳಿದ್ದು ಅದೊಂದೇ ಸಲ. ಓಲುವಾ ಹೊದಿಕೆಯ ಅಂಚನ್ನು ಸರಿಮಾಡಿದಳು. ಇಷ್ಟು ದಿನ ಕಾಪಾಡಿಕೊಂಡು ಬಂದದ್ದನ್ನು ಕೊನೆಯ ಗಳಿಗೆಯಲ್ಲಿ ತಾನು ಕಳೆಯಬೇಕೇ?

"ಮಂಜು ಇಳೀತಾ ಇದೆ ಕಣೇ," ಎಂದಳು. "ಇವತ್ತು ದೋಣಿ ಹೊರಡೋ ಹಾಗೆ ಕಾಣಲ್ಲ."

ಬಿರಿತಾ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಡೆಯ ಕಡೆಗೆ ಹೊರಳಿದಳು. ಮೂರು ಗಂಟೆಗೆ ಉಸಿರು ನಿಂತಿತ್ತು.

ಅವಳನ್ನು ಮಣ್ಣು ಮಾಡಿದ ಮೇಲೆ ರೊಟ್ಟಿಯ ಕೆಲಸ ಯಾರೂ ಹೇಳದೆಯೇ ಓಲುವಾಳ ಪಾಲಿಗೆ ಬಂತು. ಮೊದಲ ಶನಿವಾರವೇ ಉಣ್ಣೆಯ ವಾಸನೆಯೂ ಬಂತು.

"ಓಮ್ಮಾ! ಬಾಗಿಲು ತೆಗೆದೇ ಇತ್ತು, ಬಂದ್ಬಿಟ್ಟೆ!"

ಈ ಶನಿವಾರ ಹಿಟ್ಟಿನ ಮೇಲೆ ಬಾಗಿದ್ದ ಓಲುವಾ ಬೆಚ್ಚಿಬಿದ್ದಳು. ಬಂದವಳು ಲಿಗಾಯಾ, ಕೆಳಗಿನ ಮನೆಯ ಸೊಸೆ. ಗಂಡ ಮೀನು ಹಡಗಿನಲ್ಲಿ ತಿಂಗಳುಗಟ್ಟಲೆ ದೂರ. ಫಿಲಿಪೀನ್ಸಿನಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಊರಿನ ಮಕ್ಕಳಂತೆ ಅವಳೂ ಮುದುಕಿಯರನ್ನೆಲ್ಲ ಓಮ್ಮಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದಳು. ಎರಡು ಕೋಟುಗಳನ್ನು ಒಂದರ ಮೇಲೊಂದು ಹಾಕಿಕೊಂಡಿದ್ದಳು.

"ನೋಡಿದ್ರಾ, ಸಿಕ್ಕಿಬಿದ್ರಿ! ಸಭೆ ರೊಟ್ಟಿ ಯಾರು ಮಾಡೋದು ಅಂತ ಕೇಳಿದ್ರೆ ಈ ಊರಲ್ಲಿ ಎಲ್ರೂ ಹವಾಮಾನದ ಸುದ್ದಿ ಹೇಳ್ತಾರೆ. ಕೊನೆಗೆ ನಾನೇ ಹುಡುಕ್ಕೊಂಡು ಬಂದೆ. ಓಮ್ಮಾ, ಎಷ್ಟು ಚೆನ್ನಾಗಿರತ್ತೆ ಗೊತ್ತಾ ಅದು? ಹೋದ ಭಾನುವಾರ ಬಾಯಲ್ಲಿಟ್ಟ ತಕ್ಷಣ ನಮ್ಮಮ್ಮನ ನೆನಪಾಗಿ ಅಳು ಬಂದ್ಬಿಡ್ತು."

"ಅಯ್ಯೋ, ಹೇಳ್ಬೇಡ," ಎಂದು ಓಲುವಾ ಹಿಟ್ಟಿನ ಕೈಯನ್ನೇ ಅಡ್ಡ ಹಿಡಿದಳು. "ಹಾಗೆಲ್ಲ ಹೇಳ್ಬಾರದು ಮಗಾ."

"ಯಾಕೆ? ತಪ್ಪಾಯ್ತಾ?"

ಓಲುವಾ ಕಿರೀಟದ ವಿಷಯ ಹೇಳಿದಳು. ಲಿಗಾಯಾ ಕಣ್ಣರಳಿಸಿ ಕೇಳಿದಳು, ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. "ಹಾಗಾದ್ರೆ ನಿಮ್ಮ ಕಿರೀಟದಿಂದ ಒಂದು ಕಲ್ಲು ಉದುರಿಸ್ಬಿಟ್ನಾ? ಅಲ್ಲಿಗೆ ಬಂದ ಮೇಲೆ ನನ್ನದರಲ್ಲಿ ಒಂದು ಕಿತ್ತು ಕೊಡ್ತೀನಿ ಬಿಡಿ." ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಮುಂಚೆ ಮಾಡ್ತಿದ್ರಲ್ಲ, ಅವರಿಗೂ ಯಾರೂ ಹೇಳ್ಲಿಲ್ವಾ? ಮತ್ತೆ ಚೆನ್ನಾಗಿದೆ ಅಂತ ಅವರಿಗೆ ಹೇಗೆ ಗೊತ್ತಾಗ್ತಿತ್ತು?"

ಓಲುವಾ ಹಿಟ್ಟನ್ನು ಮತ್ತೆ ಮಡಚಿದಳು. ಲಿಗಾಯಾ ಹೊರಡುವಾಗ ತನ್ನ ಮೇಲಿನ ಕೋಟನ್ನು ತೆಗೆದು, ಗಾಳಿ ನುಗ್ಗುತ್ತಿದ್ದ ಬಾಗಿಲ ಸಂದಿಗೆ ಮಡಚಿ ಇಟ್ಟು ಹೋದಳು.

ಅವಳು ಹೋದ ಮೇಲೂ, ಚೆನ್ನಾಗಿರತ್ತೆ ಎಂದ ಆ ಮಾತು ಹೋಗಲಿಲ್ಲ. ಎಪ್ಪತ್ತೊಂಬತ್ತು ವರ್ಷದ ಎದೆಯೊಳಗೆ ಬಿಸಿಹಾಲು ಕುಡಿದ ಹಾಗೆ ಇಳಿದು ಕೂತಿತ್ತು. ಎಷ್ಟು ಸಣ್ಣ ಮಾತು, ಎಷ್ಟು ಬೆಚ್ಚಗೆ! ಓಲುವಾಳಿಗೆ ನಾಚಿಕೆಯಾಯಿತು. ಆಮೇಲೆ, ಒಲೆಯ ಪಕ್ಕದಲ್ಲಿ ನಿಂತಿದ್ದವಳು ಒಂದು ಹೆಜ್ಜೆ ಹತ್ತಿರ ಬಂದಂತಾಯಿತು.

ರೊಟ್ಟಿ ಒಲೆಯಿಂದ ಇಳಿದದ್ದೇ ಅವಳು ಗುಡ್ಡ ಹತ್ತಿ ಹಾನುಸನ ಬಳಿಗೆ ಹೋದಳು. ಹಾನುಸ್ ಬಿರಿತಾಳ ತಮ್ಮ, ಸಭೆಯ ಹಿರಿಯ. ಮನೆಯ ಪಕ್ಕದ ಹಲಗೆಮನೆಯಲ್ಲಿ ಒಣಗಲೆಂದು ಗಾಳಿಗೆ ತೂಗುಹಾಕಿದ್ದ ಕುರಿಯ ತೊಡೆಗಳ ನಡುವೆ ನಿಂತು ಒಂದರ ಬೂಷ್ಟನ್ನು ಚಾಕುವಿನಿಂದ ಹೆರೆಯುತ್ತಿದ್ದ.

"ಏನು ಓಲುವಾ, ಆ ಮಂಡಿ ಇಟ್ಕೊಂಡು ಇಲ್ಲೀತನಕ ಹತ್ತಿ ಬಂದ್ಯಾ? ಮಾಂಸದ ವಾಸನೆ ಅಲ್ಲಿಗೂ ಬಂತೇನು?"

"ನಿನ್ನ ಮಾಂಸದ ವಾಸನೆಗೆ ಬೆಕ್ಕೂ ಬರಲ್ಲ. ಒಂದು ವಿಷಯ ಕೇಳ್ಬೇಕಿತ್ತು ಹಾನುಸ್. ಸತ್ತವರನ್ನ ಹೊಗಳಬಹುದಾ?"

ಚಾಕು ನಿಂತಿತು. ಯಾರನ್ನು ಎಂದು ಅವನು ಕೇಳಲಿಲ್ಲ.

"ಕಿರೀಟ ಕೊಡೋದು ಆ ದಿನ ಬಂದಾಗ, ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ," ಎಂದ ಹಾನುಸ್. "ಅಲ್ಲೀತನಕ ಯಾರಿಗೂ ಏನೂ ಕೊಟ್ಟಿರಲ್ಲ. ಅವಳದ್ದು ಅಲ್ಲೇ ಕಾದಿದೆ. ಈಗ ಹೇಳಿದ್ರೂ ಹೋಗತ್ತೆ ಅಂತ್ಲೇ ನನ್ನ ತಿಳುವಳಿಕೆ."

"ಹೇಳದೆ ಇದ್ರೆ?"

"ಇದ್ದೇ ಇರತ್ತೆ. ಊರಲ್ಲೇ ದೊಡ್ಡದು ಅವಳದ್ದು, ನೋಡ್ತಿರು." ಅವನು ಮತ್ತೆ ಹೆರೆಯತೊಡಗಿದ, ಬೂಷ್ಟು ಹೋಗಿ ಬರಿ ಮಾಂಸ ಕಾಣುತ್ತಿದ್ದರೂ ಅದೇ ಜಾಗವನ್ನು. "ನಾನೂ ಒಂದಿನ ಹೇಳ್ಲಿಲ್ಲ, ಓಲುವಾ. ಒಡಹುಟ್ಟಿದವಳು. ಒಂದಿನಾನೂ ಹೇಳ್ಲಿಲ್ಲ."

ಕೆಳಗೆ ಇಳಿಯುವಾಗ ಅವಳಿಗೆ ಕಂಡದ್ದು ಎರಡೇ ದಾರಿ. ಹೇಳಿದರೆ ಗೆಳತಿಯ ಮೂವತ್ತೆಂಟು ವರ್ಷಗಳ ಪ್ರತಿಫಲವನ್ನು ತನ್ನ ಕೈಯಾರೆ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಅವಳು ಆ ಒಲೆಯ ಪಕ್ಕದಲ್ಲಿ ಆ ದಿನ ಬರುವ ತನಕ ಕಾಯುತ್ತಾ ನಿಂತಿರಬೇಕು, ಒಂದು ರೊಟ್ಟಿಯ ಮಾತಿಗಾಗಿ.

ಭಾನುವಾರ ಸಭಾಮನೆಯಲ್ಲಿ ಹಾಡು ಮುಗಿಯಿತು. ಹಾನುಸ್ ಎದ್ದು ರೊಟ್ಟಿಗಾಗಿ ಸ್ತೋತ್ರ ಸಲ್ಲಿಸಿ ಮುರಿದ. ಅದು ಕೈಯಿಂದ ಕೈಗೆ ಬಂತು. ಆಮೇಲೆ ಎಂದಿನ ಮೌನ. ಆ ಮೌನದಲ್ಲಿ ಆತ್ಮ ಪ್ರೇರಿಸಿದ ಗಂಡಸರು ಎದ್ದು ಮಾತಾಡಬಹುದು. ಹೆಂಗಸರು ಹಾಡಬಹುದು, ಮಾತಾಡುವಂತಿಲ್ಲ. ಆ ಕೋಣೆಯಲ್ಲಿ ಹೆಣ್ಣಿನ ಒಂಟಿ ದನಿ ಎಂದೂ ಎದ್ದಿರಲಿಲ್ಲ.

ಓಲುವಾ ಎದ್ದು ನಿಂತಳು. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಕಿರ್ರೆಂದಿತು. ಬಾಗಿಲಿಗೆ ಹೋಗುತ್ತಾಳೆಂದುಕೊಂಡು ಪಕ್ಕದಲ್ಲಿದ್ದ ಲಿಗಾಯಾ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬಿರಿತಾಳ ರೊಟ್ಟಿ ಚೆನ್ನಾಗಿತ್ತು," ಎಂದಳು ಓಲುವಾ.

ದನಿ ತನ್ನದಲ್ಲವೆನ್ನುವಷ್ಟು ಗಟ್ಟಿಯಾಗಿತ್ತು.

"ಪ್ರತಿ ವಾರಾನೂ ಚೆನ್ನಾಗಿತ್ತು. ಕೊನೇದು ಎಲ್ಲಕ್ಕಿಂತ ಚೆನ್ನಾಗಿತ್ತು. ಅವಳು ಕೇಳಿದ್ಲು. ನಾನು ಹೇಳ್ಲಿಲ್ಲ."

ಅವಳು ಕುಳಿತಳು. ಹಾನುಸ್ ದ್ರಾಕ್ಷಾರಸದ ಪಾನಪಾತ್ರೆಗೆ ಕೈಹಾಕಿದವನು ಎತ್ತದೆ ಹಾಗೆಯೇ ಹಿಡಿದು ನಿಂತಿದ್ದ. ಕೊನೆಗೆ ಸ್ತೋತ್ರವಿಲ್ಲದೆಯೇ ಪಾತ್ರೆಯನ್ನು ಪಕ್ಕದವನಿಗೆ ದಾಟಿಸಿ, ಮುಖವನ್ನು ಕೈಗಳಲ್ಲಿ ಹುದುಗಿಸಿಕೊಂಡು ಕುಳಿತುಬಿಟ್ಟ. ಲಿಗಾಯಾ ಮುದುಕಿಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಸಭೆ ಮುಗಿದ ಮೇಲೆ ಓಲುವಾಳನ್ನು ಯಾರೂ ಬಯ್ಯಲಿಲ್ಲ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಯಾರೋ ಮೊಣಕೈ ಹಿಡಿದು ಇಳಿಸಿದರು. ತಿರುಗಿ ನೋಡುವಷ್ಟರಲ್ಲಿ ಆ ಕೈ ಗುಂಪಿನಲ್ಲಿ ಸೇರಿಹೋಗಿತ್ತು.

ಮುಂದಿನ ಶನಿವಾರ ಅವಳು ಎಂದಿನಂತೆ ಹಿಟ್ಟು ಕಲಸಿದಳು. ಒಂದು ಸಲ ಮಡಚಿದಳು, ಇನ್ನೊಂದು ಸಲ. ವಾಸನೆ ಬರಲಿಲ್ಲ. ಬೆನ್ನ ಮೇಲೆ ಏನೂ ಇರಲಿಲ್ಲ. ಹೀಗಾದರೆ ಮನಸ್ಸು ಹಗುರವಾಗುತ್ತದೆಂದು ಅವಳು ಅಂದುಕೊಂಡಿದ್ದಳು.

ಆ ತಿಂಗಳುಗಳಲ್ಲಿ ಮೊದಲ ಬಾರಿಗೆ ಓಲುವಾ ತಿರುಗಿ ನೋಡಿದಳು. ಒಲೆ, ಗೋಡೆ, ಅವೆರಡರ ನಡುವೆ ಒಬ್ಬ ಹೆಂಗಸು ನಿಲ್ಲುವಷ್ಟು ಜಾಗ.

"ಬಿರಿತಾ," ಎಂದಳು. "ಎಲ್ಲಿಗೆ ಹೋದ್ಯೇ?"

ಹೊರಗೆ ಗಾಳಿ ನಿಂತಿತ್ತು. ಅವಳು ಎರಡೂ ಕೈಗಳನ್ನು ಮುಂದಕ್ಕೆ ಹಿಡಿದುಕೊಂಡು ಆ ಖಾಲಿ ಜಾಗಕ್ಕೆ ಮುಖಮಾಡಿ ನಿಂತೇ ಇದ್ದಳು, ಬೆರಳುಗಳ ಮೇಲಿನ ಹಿಟ್ಟು ಮೆಲ್ಲಗೆ ಒಣಗಿ ಬಿರುಕು ಬಿಡುತ್ತಾ, ಚೂರುಚೂರಾಗಿ ನೆಲಕ್ಕೆ ಉದುರುವ ತನಕ.