ಎಡಕ್ಕೆ ಏರಿದ ಸುರುಳಿ

ನನ್ನ ಮೇಜಿನ ಮೇಲೆ ಹೆಬ್ಬೆರಳುದ್ದದ ಒಂದು ಮರದ ಅಚ್ಚು ಇದೆ. ಅದರಲ್ಲಿ ಕೊರೆದಿರುವುದು ಬಾಟಲಿಯ ಬಿರಡೆ ಕೀಳುವ ತಿರುಪು: ಮೇಲೆ ಅಡ್ಡ ಹಿಡಿ, ಕೆಳಗೆ ಐದು ಸುತ್ತಿನ ಸುರುಳಿ. ಕೊರೆದವಳು ನನ್ನ ಅಮ್ಮ, ಕಾಳಮ್ಮ.

ನಮ್ಮ ಊರಿನ ವಾರಪತ್ರಿಕೆಗೆ ಜಾಹೀರಾತಿನ ಚಿತ್ರಗಳನ್ನು ಅವಳು ಮರದಲ್ಲಿ ಕೊರೆದುಕೊಡುತ್ತಿದ್ದಳು. ಅದೇ ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುತ್ತಿದ್ದೆ. ಆ ವರ್ಷ ಕಬ್ಬಿಣದ ಸಾಮಾನಿನ ವ್ಯಾಪಾರಿ ದಸ್ತಗೀರ್ ಸಾಹೇಬರು ತಮ್ಮ ಅಂಗಡಿಯ ಅರವತ್ತೆರಡು ಸಾಮಾನುಗಳ ಚಿತ್ರಪಟ್ಟಿ ಮಾಡಿಸಲು ಹೊರಟಿದ್ದರು. ಮೊದಲು ಒಂದು ಜಾಹೀರಾತು. ಅದು ಚೆನ್ನಾಗಿ ಬಂದರೆ ಎಲ್ಲ ಚಿತ್ರಗಳೂ ಅಮ್ಮನಿಗೆ. ಇಲ್ಲದಿದ್ದರೆ ಪಟ್ಟಣದ ಅಚ್ಚಿನವರಿಗೆ. ಪರೀಕ್ಷೆಗೆಂದು ಅವರು ಕಳಿಸಿದ್ದು ಈ ತಿರುಪು.

ಅದನ್ನು ಏನೆಂದು ಕರೆಯಬೇಕು ಎಂಬುದರಲ್ಲೇ ನನ್ನ ಒಂದು ಬೆಳಗು ಕಳೆಯಿತು. ‘ಕಾರ್ಕ್‌ಸ್ಕ್ರೂ’ ಎಂದೇ ಹಾಕಿ ಎಂದರು ಪ್ರೆಸ್ಸಿನ ಯಜಮಾನರಾದ ಶಂಭುಲಿಂಗಯ್ಯ. ನಾನು ‘ಬಿರಡೆ ತಿರುಪು’ ಎಂದು ಹಟ ಹಿಡಿದೆ. ಕೊನೆಗೆ ಎರಡೂ ಬಂದವು. ಅಕ್ಷರಗಳನ್ನು ಮೂರು ಸಲ ನೋಡಿ ಸಹಿ ಹಾಕಿದೆ. ಚಿತ್ರವನ್ನು ಒಮ್ಮೆಯೂ ನೋಡಲಿಲ್ಲ.

ಅಚ್ಚು ಶುರುವಾದ ಮೇಲೆ ಅಮ್ಮ ಮಾದರಿಯ ತಿರುಪನ್ನು ಹಿಂತಿರುಗಿಸಲು ಬಂದಳು. ಒಣಗಲು ಹರಡಿದ್ದ ಹಾಳೆಯ ಮೇಲೆ, ಚಿತ್ರದ ಪಕ್ಕದಲ್ಲೇ ಅದನ್ನಿಟ್ಟು ಸ್ವಲ್ಪ ಹೊತ್ತು ನೋಡಿದಳು.

“ಮಿಷನ್ ನಿಲ್ಸಿ.”

ಉಕ್ಕಿನ ಸುತ್ತುಗಳು ಎಡದಿಂದ ಬಲಕ್ಕೆ ಏರಿದ್ದವು. ಹಾಳೆಯ ಮೇಲಿನವು ಬಲದಿಂದ ಎಡಕ್ಕೆ. ಮರದಲ್ಲಿ ಕೊರೆದದ್ದು ಕಾಗದದಲ್ಲಿ ಎಡಬಲ ಅದಲುಬದಲಾಗಿ ಮೂಡುತ್ತದೆ. ಆದ್ದರಿಂದ ಕುಡುಗೋಲು, ಬೀಗದಕೈಗಳನ್ನು ಅವಳು ತಿರುವಿಯೇ ಕೊರೆಯುತ್ತಿದ್ದಳು. ಚೊಂಬು, ಗಂಟೆಗಳಿಗೆ ಆ ಚಿಂತೆ ಇಲ್ಲ. ಅವಕ್ಕೆ ಎಡವೂ ಬಲವೂ ಒಂದೇ. ತಿರುಪನ್ನೂ ಅವಳು ಚೊಂಬಿನ ಸಾಲಿಗೆ ಸೇರಿಸಿಬಿಟ್ಟಿದ್ದಳು.

“ಯಾರ ಕಣ್ಣಿಗ್ರೀ ಬೀಳುತ್ತೆ ಇದು?” ಎಂದರು ಶಂಭುಲಿಂಗಯ್ಯ. “ನಾನೂರು ಹಾಳೆ ಆಗೋಯ್ತು. ನಿಮ್ಮ ಮಗಳೇ ಸಹಿ ಹಾಕಿದಾಳೆ.”

“ಅವಳು ಕಾಗುಣಿತ ನೋಡೋಳು. ಸುರುಳಿ ನನ್ನದು.”

“ನೀವಾಗೇ ಬಾಯಿಬಿಟ್ರೆ ಅರವತ್ತೆರಡೂ ಪಟ್ಟಣಕ್ಕೆ ಹೋಗುತ್ತೆ, ಕಾಳಮ್ಮ. ಯೋಚ್ನೆ ಮಾಡಿ.”

“ಯೋಚ್ನೆ ಕೊರೆಯೋಕೆ ಮುಂಚೆ ಮಾಡ್ಬೇಕಿತ್ತು ಸ್ವಾಮಿ. ಈಗ ಹೋಗಿ ಹೇಳೋದಷ್ಟೇ ಬಾಕಿ.”

ಯಂತ್ರ ನಿಂತಾಗ ಎಣಿಸಿದೆ: ನಾನೂರ ಹನ್ನೆರಡು ಹಾಳೆ. ಅಮ್ಮ ಅದರಲ್ಲೊಂದನ್ನು ಮಡಚಿಕೊಂಡು ಅಂಗಡಿಗೆ ನಡೆದಳು. ನಾನೂ ಹಿಂದೆ ಹೋದೆ.

“ತಪ್ಪಾಗಿದೆ ಸಾಹೇಬ್ರೇ,” ಎಂದು ಹಾಳೆಯನ್ನೂ ತಿರುಪನ್ನೂ ಅವರ ಮುಂದಿಟ್ಟಳು. “ನಾಳೆ ಮಧ್ಯಾಹ್ನಕ್ಕೆ ಬೇರೆ ಕೊರೆದು ಕೊಡ್ತೀನಿ. ಉಳಿದದ್ದು ಯಾರಿಗೆ ಕೊಡ್ತೀರೋ ನಿಮ್ಮಿಷ್ಟ.”

ಸಾಹೇಬರು ತಿರುಪನ್ನು ಗಾಳಿಯಲ್ಲೇ ಒಮ್ಮೆ ತಿರುಗಿಸಿದರು. ಚಿತ್ರ ನೋಡಿ, ಕೈಯನ್ನು ಹಿಮ್ಮುಖವಾಗಿ ತಿರುಗಿಸಿದರು. ಆಮೇಲೆ ನಕ್ಕರು.

“ಇಪ್ಪತ್ತು ವರ್ಷದಿಂದ ಮಾರ್ತಿದೀನಮ್ಮ, ಯಾವ ಕಡೆ ಸುತ್ತಿದೆ ಅಂತ ನಾನೇ ನೋಡಿರ್ಲಿಲ್ಲ. ಪಟ್ಟಣದೋರು ಹೋದ ಸಲ ಹಲ್ಲಿಲ್ಲದ ಗರಗಸ ಅಚ್ಚು ಮಾಡಿ ಕಳಿಸಿದ್ರು. ಕೇಳಿದ್ರೆ, ನಿಮ್ಮದು ಸವೆದಿರ್ಬೇಕು ಅಂದ್ರು!” ಹಾಳೆಯನ್ನು ಮಡಚಿ ಅಮ್ಮನ ಕೈಗೇ ಕೊಟ್ಟರು. “ನಾಳೆ ತಿರುಪು ಕೊಡಿ. ಮುಂದಿನ ವಾರ ಬೀಗಗಳಿಂದ ಶುರು ಮಾಡಿ.”

ಏಳು ತಿಂಗಳಲ್ಲಿ ಅರವತ್ತೆರಡೂ ಮುಗಿದವು. ಒಂದೂ ತಪ್ಪಲಿಲ್ಲ, ಪ್ರತಿಯೊಂದನ್ನೂ ಸಾಮಾನಿನ ಪಕ್ಕದಲ್ಲಿಟ್ಟು ನೋಡಿಯೇ ನಾನು ಸಹಿ ಹಾಕಿದ್ದು.

ಕೊರೆಯುವವರು ಅಚ್ಚಿನಲ್ಲಿ ತಮ್ಮ ಗುರುತು ಹಾಕುವುದು ವಾಡಿಕೆ. ಆ ಅರವತ್ತೆರಡರಲ್ಲಿ ಒಂದಕ್ಕೂ ಅಮ್ಮ ಹಾಕಲಿಲ್ಲ. ಎಲ್ಲ ಮುಗಿದ ದಿನ, ಕೆಟ್ಟುಹೋಗಿದ್ದ ಮೊದಲ ಅಚ್ಚನ್ನು ಎತ್ತಿಕೊಂಡು, ಸುರುಳಿಯ ಕೆಳಗೆ ನೆರಳಿಗೆಂದು ಕೊರೆಯದೆ ಬಿಟ್ಟಿದ್ದ ಪಟ್ಟಿಯಲ್ಲಿ ‘ಕಾ’ ಎಂದು ಕೊರೆದಳು.

“ಇದಕ್ಕೆ ಯಾಕಮ್ಮ?” ಎಂದೆ.

“ಅವು ಅಂಗಡಿಯವು ಕಣೆ. ಇದು ನನ್ನದು.”

ಈಗಲೂ ಒಮ್ಮೊಮ್ಮೆ ಆ ಅಚ್ಚಿಗೆ ಮಸಿ ಹಚ್ಚಿ ಬಿಳಿ ಹಾಳೆಗೆ ಒತ್ತುತ್ತೇನೆ. ಸುರುಳಿ ಎಡಕ್ಕೇ ಏರುತ್ತದೆ. ಅದರ ಕೆಳಗೆ, ಕಪ್ಪು ಪಟ್ಟಿಯ ನಡುವೆ ಬೆಳ್ಳಗೆ, ಅಮ್ಮನ ಅಕ್ಷರ ನೆಟ್ಟಗೆ ಮೂಡುತ್ತದೆ.